ಅಕ್ಕವ್ವ ಟರ್ಬೊ ಗಾಡಿಗೆ ದೃಷ್ಟಿ ತೆಗೆದದ್ದು

ಎಮ್ಮೆಗಳನ್ನು ಮಾರಿದ ದಿನ ಅಕ್ಕವ್ವ ಕೊಕಟನೂರ ಎಲ್ಲಮ್ಮನಿಗೆ ಹರಕೆ ತೀರಿಸಲು ಹೋಗಿದ್ದಳು. ಆ ದಿನವನ್ನೇ ನೋಡಿ ಮಾರಿದರು ಎನ್ನುವುದು ಅವಳ ವಾದ. ಮಲಕಾರಿ ಅವತ್ತೇ ಗಿರಾಕಿಯಾಗಿ ಬಂದ, ತಾನೇನು ಮಾಡಲಿ ಎನ್ನುವುದು ಮಗ ಬಾಬಾಸಾಹೇಬನ ವಾದ. ಮಲಕಾರಿ ಅಥಣಿ ಹತ್ತಿರದ ಅನಂತಪುರದ ಕಡೆಯ ದನದ ವ್ಯಾಪಾರಿ. ಯಾರೂ ಹೇಳಿ ಕಳಿಸದೆ ನಮ್ಮೂರು ಕಾಗವಾಡದ ತನಕ ನಾಲ್ಕು ಎಮ್ಮೆಗೆ ಆಗುವಷ್ಟು ಹಗ್ಗ ಹೊತ್ತುಕೊಂಡು ಬರುವ ಪೈಕಿ ಅವನಲ್ಲ. ಆದ್ದರಿಂದ ಅಕ್ಕವ್ವ ಹೇಳಿದ್ದೇ ಖರೆ ಎಂದು ಇಟ್ಟುಕೊಂಡು ಮುಂದೆ ಹೋಗೋಣ.

ಅದು ತೊಂಬತ್ತೊಂಬತ್ತರ ಬೇಸಿಗೆ. ಒಣದ್ರಾಕ್ಷಿಗೆ ಒಳ್ಳೆಯ ಧಾರಣೆ ಸಿಕ್ಕಿತ್ತು. ಸಂಜೆಯ ಬಸ್ಸಿಗೆ ಹಣೆತುಂಬ ಎಲ್ಲಮ್ಮನ ಅರಿಶಿನ ಭಂಡಾರ ಹಚ್ಚಿಕೊಂಡು ಬಂದ ಅಕ್ಕವ್ವ ಅಂಗಳದಲ್ಲೇ ನಿಂತಳು. ಕೊಟ್ಟಿಗೆ ತೊಳೆದಿತ್ತು. ಗೂಟಗಳನ್ನು ಕಿತ್ತಿದ್ದರು. ಇಬ್ಬರು ಗೌಂಡಿಗಳು ನೆಲಕ್ಕೆ ಸಿಮೆಂಟು ಎಳೆಯುತ್ತಿದ್ದರು.

"ಯಾರನ್ನ ಕೇಳಿ ಮಾರಿದಿ?" ಎಂದಳು ಮಗನಿಗೆ.

"ಕೇಳೂದೇನೈತಿ ಬೇ ಅವ್ವ. ನಿನಗ ವಯಸ್ಸಾತು. ನಸಿಕಿನ್ಯಾಗ ಎದ್ದ ಸಗಣಿ ಬಳಿಯೂದು ಇನ್ನ ಸಾಕು. ನಿನ್ನ ಸುಖಕ್ಕಂತನ ಮಾರೀನಿ."

"ನನ್ನ ಸುಖಕ್ಕ."

"ಹೂಂ ಮತ್ತ."

ಸೊಸೆ ಕಸ್ತೂರೆವ್ವ ನೀರಿನ ಚೆರಿಗೆ ತಂದುಕೊಟ್ಟಳು. "ನಿಮ್ಮ ಮೊಮ್ಮಗಳು ಸುಂದರಾನ ನೋಡಾಕ ನಾಳೆ ಗಂಡಿನವರು ಯಾರರ ಬಂದ್ರ ಅಂಗಳದಾಗ ಸಗಣಿ ವಾಸ್ನಿ ಬರಬಾರದ್ರಿ ಅತ್ತಿ. ಅಲ್ಲೆ ಒಂದ ಕಾರ ನಿಂತಿತ್ತಂದ್ರ ಮನಿ ಕಳಾನ ಬ್ಯಾರೆ."

ಮುರಗೆಪ್ಪ, ಅಂದರೆ ಅಕ್ಕವ್ವನ ಗಂಡ, ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನು ಆ ಮನೆಯಲ್ಲಿ ಮಾತಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮಾತಾಡಿದರೆ ಒಬ್ಬರ ಕಡೆ ಆಗಬೇಕಾಗುತ್ತದೆ ಎಂಬ ಹೆದರಿಕೆ.

ಹೊಲ, ದ್ರಾಕ್ಷಿ ಪಡ, ಕಬ್ಬು ಎಲ್ಲ ಬಾಬಾಸಾಹೇಬನ ಕೈಯಲ್ಲಿ. ಡೇರಿಯ ಹಾಲಿನ ರೊಕ್ಕ ಒಂದೇ ಅಕ್ಕವ್ವನ ಕೈಯಲ್ಲಿದ್ದದ್ದು. ಅದರಲ್ಲಿ ಅವಳು ಯಾರನ್ನೂ ಕೇಳದೆ ಎಲ್ಲಮ್ಮನಿಗೆ ಸೀರೆ ಏರಿಸುತ್ತಿದ್ದಳು, ಮೊಮ್ಮಗಳಿಗೆ ಬಳೆ ತೊಡಿಸುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ರಾಯಬಾಗಕ್ಕೆ ಕೊಟ್ಟ ಮಗಳು ಶಿವಗಂಗವ್ವನ ಕೈಗೆ ಬಂದಾಗಲೊಮ್ಮೆ ಒಂದಿಷ್ಟು ತುರುಕುತ್ತಿದ್ದಳು. ಅಳಿಯ ಕುಡುಕ, ಮಗಳ ಮನೆಯ ಒಲೆ ಹೊತ್ತುತ್ತಿದ್ದದ್ದೇ ಎಮ್ಮೆಯ ಹಾಲಿನಿಂದ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಮಾರಿದ್ದರು. ಅದೇ ಅಕ್ಕವ್ವನ ಹೊಟ್ಟೆಯಲ್ಲಿ ಬೆಂಕಿ ಇಟ್ಟದ್ದು.

ಅವಳು ಅಳಲಿಲ್ಲ, ಬೈಯಲಿಲ್ಲ. ಆ ರಾತ್ರಿ ಎಲ್ಲರಿಗೂ ಬಡಿಸಿ ತಾನೂ ಉಂಡಳು. ಅವಳು ಸುಮ್ಮನಿದ್ದಾಳೆ ಎಂದರೆ ಯಾರಾದರೂ ಹೆದರಬೇಕಿತ್ತು. ಬಾಬಾಸಾಹೇಬ ಮಾತ್ರ ಅವ್ವನಿಗೆ ಒಪ್ಪಿಗೆಯಾಯಿತು ಎಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ವಾರದೊಳಗೆ ಗಾಡಿ ಬಂತು. ಸಾಂಗ್ಲಿಯ ಕಂತ್ರಾಟದಾರನೊಬ್ಬ ಎರಡು ವರ್ಷ ಓಡಿಸಿ ಬಿಟ್ಟದ್ದು, ಬಿಳಿ ಬಣ್ಣದ್ದು. ಹಿಂದುಗಡೆ ಡಿಕ್ಕಿಯ ಮೇಲೆ ಟರ್ಬೊ ಡೀಸೆಲ್ ಎಂದು ಬೆಳ್ಳಿ ಅಕ್ಷರದಲ್ಲಿ ಬರೆದಿತ್ತು. ಬಾಬಾಸಾಹೇಬ ಆ ಅಕ್ಷರಗಳನ್ನು ತನ್ನ ಧೋತರದ ಚುಂಗಿನಿಂದಲೇ ಒರೆಸುತ್ತಿದ್ದ.

ಗಾಡಿಯ ಜೊತೆ ಮಿರಜದ ಮೇಸ್ತ್ರಿ ಜ್ಞಾನದೇವ ಬಂದಿದ್ದ. ಅಂಗಳದಲ್ಲಿ ಬಾನೆಟ್ ಎತ್ತಿ, ಬಾಬಾಸಾಹೇಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪಾಠ ಶುರುಮಾಡಿದ. ಅಕ್ಕವ್ವ ಚಹಾ ತಂದವಳು ಅಲ್ಲೇ ನಿಂತಳು.

"ಸಾವ್ಕಾರ್ರ, ಇದು ನಿಮ್ಮ ಬಾವಿ ಮ್ಯಾಲಿನ ಪಂಪಿನ ಎಂಜಿನ್ ಅಲ್ಲ. ಚಿಮಣಿ ಎಣ್ಣಿ ಕೂಡಿಸಿ ಹೊಡದ್ರಿ ಅಂದ್ರ ಡೀಸೆಲ್ ಪಂಪ ಕೆಡತೈತಿ. ಟೈಮಿಂಗ್ ಬೆಲ್ಟ್ ವ್ಯಾಳ್ಯಾಕ್ಕ ಬದಲಿ ಮಾಡ್ರಿ, ಹರೀತಂದ್ರ ಒಳಗ ವಾಲ್ವ್ ಎಲ್ಲಾ ಬಗ್ಗತಾವು. ನೀರ ಕಡಿಮಿ ಬಿತ್ತಂದ್ರ ಹೆಡ್ ಗ್ಯಾಸ್ಕೆಟ್ ಹೋಗತೈತಿ. ಇನ್ನ ಈ ಟರ್ಬೊ ಐತೆಲ್ಲ, ಇದ ಭಾಳ ನಾಜೂಕು."

"ಏನ್ ಮಾಡತೈತಿ ಅದು?"

"ಸೈಲೆನ್ಸರಿಗಿ ಹೋಗೂ ಹೊಗಿ ಇದರಾಗಿನ ಫ್ಯಾನ ತಿರಗಸ್ತೈತಿ. ಆ ಫ್ಯಾನ ಎಂಜಿನ್ನಿಗಿ ಗಾಳಿ ತುರಕತೈತಿ. ಅದಕ್ಕ ಸಣ್ಣ ಎಂಜಿನ್ ಇದ್ರೂ ಇಷ್ಟ ಜೋರ ಓಡತೈತಿ. ಮಿನಿಟಿಗಿ ಲಕ್ಷ ಸುತ್ತ ತಿರಗತೈತ್ರಿ ಅದು, ಕೆಂಪಗ ಕಾದಿರತೈತಿ. ನೀವ ಜೋರ ಹೊಡಕೊಂಡ ಬಂದ ಕೂಡ್ಲೆ ಚಾವಿ ತಗದ್ರಿ ಅಂದ್ರ ಆಯಿಲ್ ನಿಂತ ಬಿಡತೈತಿ. ಇದ್ದ ಆಯಿಲ್ ಅಲ್ಲೇ ಸುಟ್ಟ ಕರಕ ಆಗತೈತಿ. ಅದಕ್ಕ ಬಂದ ಮ್ಯಾಲ ಒಂದ್ ಮಿನಿಟ ಎರಡ ಮಿನಿಟ ಹಂಗ ಚಾಲೂ ಇಟ್ಟ ಆಮ್ಯಾಲ ಬಂದ್ ಮಾಡ್ರಿ. ಸಮಜಲಾ?"

ಬಾಬಾಸಾಹೇಬ ತಲೆ ಅಲ್ಲಾಡಿಸಿದ. ಅವನ ಕಣ್ಣು ಮಾತ್ರ ಓಣಿಯ ಕಡೆಗಿತ್ತು, ಯಾರು ಯಾರು ನೋಡುತ್ತಿದ್ದಾರೆ ಎಂದು.

"ಓಡಿ ಬಂದ ಎಮ್ಮಿ ಮುಂದ ಕೂಡ್ಲೆ ನೀರ ಇಡಬಾರ್ದು, ಹಂಗೇನಪಾ?" ಎಂದು ಅಕ್ಕವ್ವ ಕೇಳಿದಳು.

ಜ್ಞಾನದೇವ ನಕ್ಕ. "ಬರೋಬರ ಹೇಳಿದ್ರಿ ಅವ್ವಾರ."

"ಚಾಲೂ ಇಡದಿದ್ರ?"

"ಒಂದ ಸಲಕ್ಕ ಏನಾಗೂದಿಲ್ರಿ. ದಿನಾ ಹಂಗ ಮಾಡಿದ್ರ ಬೇರಿಂಗ್ ಹೋಗತೈತಿ, ಸೀಲ್ ಹೋಗತೈತಿ. ಆರ ತಿಂಗಳದಾಗ ಟರ್ಬೊ ಖಲಾಸ."

ಅಕ್ಕವ್ವ ಕಪ್ಪುಬಸಿ ತೆಗೆದುಕೊಂಡು ಒಳಗೆ ಹೋದಳು. ಅಂದಿನಿಂದ ಅವಳಿಗೆ ಆ ಗಾಡಿಯ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು.

ನಮ್ಮ ಕಡೆ ಹೊಸ ಮದುಮಕ್ಕಳು, ಬಹಳ ದಿನಕ್ಕೆ ಬಂದ ಮಗ, ಹೊಸ ಗಾಡಿ ಇವು ಮನೆಯೊಳಗೆ ಬರುವ ಮೊದಲು ರೊಟ್ಟಿ ತುಂಡು ಮತ್ತು ನೀರು ನಿವಾಳಿಸಿ ಒಗೆಯುವುದು ಪದ್ಧತಿ. ದೃಷ್ಟಿ ತಾಕಬಾರದೆಂದು. ಒಂದು ಸಲ ಮಾಡಿದರೆ ಮುಗಿಯಿತು. ಅಕ್ಕವ್ವ ಅದನ್ನು ದಿನದ ಕೆಲಸ ಮಾಡಿಕೊಂಡಳು. ಬಾಬಾಸಾಹೇಬ ಮಿರಜದಿಂದಲೋ ಅಥಣಿಯಿಂದಲೋ ಗಾಡಿಯನ್ನು ಬಿರುಸಾಗಿ ಹೊಡೆದುಕೊಂಡು ಬಂದರೆ ಓಣಿಯ ತಿರುವಿನಲ್ಲೇ ಅವನಿಗೆ ಅವ್ವ ಕಾಣುತ್ತಿದ್ದಳು. ಅಂಗಳದ ಬಾಯಿಗೆ ಅಡ್ಡ ನಿಂತು, ಒಂದು ಕೈಯಲ್ಲಿ ಚೆರಿಗೆ, ಇನ್ನೊಂದರಲ್ಲಿ ರೊಟ್ಟಿ ತುಂಡು.

"ಮದಲ ಬಂದ್ ಮಾಡಪಾ ಅದನ್ನ. ಗುರ್ ಅಂತ ಒದರೂದರ ಮುಂದ ದೃಷ್ಟಿ ಇಳಸೂದಲ್ಲ."

"ಒಂದ್ ಮಿನಿಟ ತಡಿ ಬೇ, ಮೇಸ್ತ್ರಿ ಹೇಳ್ಯಾನ."

"ಎಲ್ಲಮ್ಮನ ಹೆಸರ ತಗೊಂಡ ನಿಂತೀನಿ. ಮೇಸ್ತ್ರಿ ಹೇಳ್ಯಾನಂತ ದೇವರ ಕಾಯತಾಳೇನು?"

ಬಾಬಾಸಾಹೇಬ ಚಾವಿ ತಿರುಗಿಸುತ್ತಿದ್ದ. ಅವನಿಗೆ ಕಷ್ಟವೇನೂ ಆಗುತ್ತಿರಲಿಲ್ಲ. ನಿಂತ ಗಾಡಿ ಡೀಸೆಲ್ ಸುಡುವುದನ್ನು ನೋಡಿದರೆ ಅವನಿಗೂ ಮೈ ಉರಿಯುತ್ತಿತ್ತು. ಬಾವಿಯ ಮೇಲಿನ ಎಂಜಿನ್ನನ್ನು ನೀರು ಬದುವಿಗೆ ಮುಟ್ಟುವ ಮೊದಲೇ ಬಂದ್ ಮಾಡಿ, ಪೈಪಿನಲ್ಲಿದ್ದ ನೀರಿನಲ್ಲಿ ಕಡೆಯ ಸಾಲು ಹಾಯಿಸುವ ಮನುಷ್ಯ ಅವನು. ಅವ್ವ ಗಾಡಿಯ ಸುತ್ತ ಮೂರು ಸಲ ನಿಧಾನವಾಗಿ ಕೈಯಾಡಿಸಿ, ರೊಟ್ಟಿ ತುಂಡನ್ನು ಓಣಿಗೆ ಒಗೆದು, ನೀರು ಚೆಲ್ಲಿ, "ಬಾ ಇನ್ನ" ಎನ್ನುತ್ತಿದ್ದಳು. ಅಷ್ಟರಲ್ಲಿ ಬಾನೆಟ್ಟಿನ ಕೆಳಗಿನಿಂದ ಟಿಕ್ ಟಿಕ್ ಎಂದು ಕಾದ ಕಬ್ಬಿಣದ ಸದ್ದು ಬರುತ್ತಿತ್ತು. ಅಕ್ಕವ್ವ ಅದನ್ನು ಕಿವಿಯಿಟ್ಟು ಕೇಳುತ್ತಿದ್ದಳು.

"ಅವ್ವ ಸಿಟ್ಟ ಬಿಟ್ಟಾಳ ನೋಡು," ಎಂದ ಅವನು ಹೆಂಡತಿಗೆ. "ನನ್ನಕಿಂತ ಗಾಡಿ ಮ್ಯಾಲ ಆಕಿಗೇ ಜೀವ."

ಊಟಕ್ಕೆ ಕೂತಾಗಲೆಲ್ಲ ಅವನದು ಗಾಡಿಯ ವರ್ಣನೆ. ನಾಲ್ಕು ಸಿಲಿಂಡರ್, ಹದಿನೇಳು ನೂರು ಸಿಸಿ, ಎಂಬತ್ತು ಅಶ್ವಶಕ್ತಿ, ಐದು ಗೇರು, ಲೀಟರಿಗೆ ಹದಿನೇಳು ಕಿಲೋಮೀಟರು. ಮಗಳು ಸುಂದರಾ ಬಿಎ ಓದುವ ಹುಡುಗಿ, ಅಪ್ಪನಿಗೆ ಬೇಕೆಂದೇ ಪ್ರಶ್ನೆ ಕೇಳಿ ಇನ್ನಷ್ಟು ಹೇಳಿಸುತ್ತಿದ್ದಳು.

"ಎಂಬತ್ತ ಕುದರಿ ಕಟ್ಟೀದಿ," ಎಂದಳು ಒಂದು ದಿನ ಅಕ್ಕವ್ವ. "ಒಂದ ಎಮ್ಮಿ ಕಟ್ಟಾಕ ಜಾಗಾ ಇರಲಿಲ್ಲ."

ಸುಂದರಾ ನಕ್ಕಳು. ಬಾಬಾಸಾಹೇಬನೂ ನಗಲು ಹೊರಟು, ತಾಟಿನಲ್ಲಿ ಮಜ್ಜಿಗೆ ಎಂಬ ಹೆಸರಿನಲ್ಲಿ ಬಿದ್ದ ಬಿಳಿ ನೀರನ್ನು ನೋಡಿ ಬಿಟ್ಟ. ಮನೆಗೆ ಈಗ ಪಾಕೀಟಿನ ಹಾಲು. ಮುರಗೆಪ್ಪನಿಗೆ ಎರಡು ಹೊತ್ತಿನ ಚಹಾ ಒಂದು ಹೊತ್ತಿಗೆ ಇಳಿದಿತ್ತು. ತುಪ್ಪದ ಗಡಿಗೆ ಒಗ್ಗರಣೆಗೆ ಮಾತ್ರ ಕೆಳಗಿಳಿಯುತ್ತಿತ್ತು.

ಪಂಚಮಿಗೆ ಶಿವಗಂಗವ್ವ ತವರಿಗೆ ಬಂದಳು. ಮೂರು ದಿನ ಇದ್ದು, ಉಂಡೆ ಕಟ್ಟಿಸಿಕೊಂಡು ಹೊರಟಾಗ ಅಕ್ಕವ್ವ ಮಗನ ಮುಂದೆ ಹೋಗಿ ನಿಲ್ಲಬೇಕಾಯಿತು. ಜೀವಮಾನದಲ್ಲಿ ಮೊದಲ ಸಲ.

"ತಂಗಿ ಹೊಂಟಾಳ. ಆಕಿ ಕೈಯಾಗ ಏನರ ಹಾಕು."

ಬಾಬಾಸಾಹೇಬ ಕಿಸೆಯಿಂದ ಎರಡು ನೋಟು ತೆಗೆದು, ಅಂಗಳದಲ್ಲಿ ಎಲ್ಲರೆದುರು ತಂಗಿಯ ಕೈಗೆ ಹಾಕಿದ. "ಸಾಕಲ್ಲ? ನಿನ್ನ ಗಂಡಗ ಕೊಡಬ್ಯಾಡ ಮತ್ತ, ಶೆರೆದ ಅಂಗಡಿಗಿ ಹಾಕತಾನ."

ಶಿವಗಂಗವ್ವ ತಲೆ ತಗ್ಗಿಸಿ ನೋಟುಗಳನ್ನು ಸೆರಗಿಗೆ ಕಟ್ಟಿಕೊಂಡಳು. ಬಸ್ಸಿಗೆ ಬಿಡಲು ಅಕ್ಕವ್ವ ಜೊತೆಗೆ ನಡೆದಳು. ದಾರಿಯಲ್ಲಿ ಮಗಳು ಅಂದಳು, "ಅವ್ವ, ಮುಂದಿನ ಪಂಚಮಿಗಿ ನಾ ಬರೂದಿಲ್ಲ."

ಅಕ್ಕವ್ವ ಮಗಳನ್ನು ಬಸ್ಸು ಹತ್ತಿಸಿದಳು. ಆ ಸಂಜೆ ತಿರುವಿನಲ್ಲಿ ಗಾಡಿಯ ಸದ್ದು ಕೇಳಿ, ಇದ್ದ ಕಾಲುನೋವು ಮರೆತು, ರೊಟ್ಟಿ ತರಲು ಓಡಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿ ಕಾಯಿಲೆ ಬೀಳತೊಡಗಿತು. ಮೊದಲು ಏರು ಹತ್ತುವಾಗ ಕಪ್ಪು ಹೊಗೆ. ಗಾಳಿಯ ರಬ್ಬರು ಪೈಪು ಸೀಳಿದೆ ಎಂದು ಜ್ಞಾನದೇವ ಬದಲಿ ಮಾಡಿದ. ಆಮೇಲೆ ಡೀಸೆಲಿನಲ್ಲಿ ನೀರು ಬಂದು ಶಿರಗುಪ್ಪಿ ದಾರಿಯಲ್ಲಿ ನಿಂತಿತು. ಇವೆರಡರಲ್ಲೂ ಅಕ್ಕವ್ವನ ಕೈ ಇರಲಿಲ್ಲ. ಆದರೂ ಅವಳು ಆ ದಿನಗಳಲ್ಲಿ ಎರಡು ತುತ್ತು ಹೆಚ್ಚು ಉಂಡಳು, ಸುಳ್ಳೇಕೆ ಹೇಳಬೇಕು. ದಸರೆಯ ಹೊತ್ತಿಗೆ ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ನೀಲಿ ಹೊಗೆ ಬರತೊಡಗಿತು, ಸೀಟಿ ಹೊಡೆದ ಹಾಗೆ ಸದ್ದು ಶುರುವಾಯಿತು. ಆಯಿಲ್ ಪದೇ ಪದೇ ಕಡಿಮೆಯಾಗುತ್ತಿತ್ತು.

ಕಸ್ತೂರೆವ್ವ ದಡ್ಡಿಯಲ್ಲ. ಅವಳು ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಾ ಹಿಂದೆ ತಿರುಗದೆ ಕೇಳಿದಳು.

"ಅತ್ತಿ, ಅವರು ಸಾವಕಾಶ ಬಂದ ದಿನ ನೀವು ರೊಟ್ಟಿ ಹಿಡಕೊಂಡ ಹೊರಗ ಬರೂದಿಲ್ಲ. ಜೋರ ಬಂದ ದಿನಾನ ಬರತೀರಿ. ಯಾಕ್ರಿ?"

"ಜೋರ ಬಂದ್ರ ಮಂದಿ ಕಣ್ಣ ಹೆಚ್ಚ ಬೀಳತಾವು."

"ಮೇಸ್ತ್ರಿ ಹೇಳಿದ್ದ ನಾನೂ ಕೇಳೀನ್ರಿ."

ಅಕ್ಕವ್ವ ಮೊರ ಕೆಳಗಿಟ್ಟಳು. "ಕೇಳಿದಿ ಅಲ್ಲ? ಹಂಗಾರ ಹೋಗಿ ನಿನ್ನ ಗಂಡಗ ಹೇಳು. ನಿಮ್ಮವ್ವ ದೃಷ್ಟಿ ತಗದ ತಗದ ಗಾಡಿ ಕೆಡಸಾಕತ್ತಾಳ ಅಂತ ಹೇಳು. ನೋಡೂಣು ಏನಂತಾನ."

ಕಸ್ತೂರೆವ್ವ ಹೇಳಿದಳು. ಆ ಸಂಜೆಯೇ, ಊಟದ ಹೊತ್ತಿಗೆ, ಎಲ್ಲರ ಎದುರಿಗೇ ಹೇಳಿದಳು. ಬಾಬಾಸಾಹೇಬನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ನನ್ನ ಹಡದಾಕಿ ನನ್ನ ಮ್ಯಾಲಿನ ದೃಷ್ಟಿ ತಗದ್ರ ಅದರಾಗೂ ನಿನಗ ಹುಳಾ ಕಾಣತೈತೇನ? ಎಮ್ಮಿ ಮಾರ್ರಿ, ವಾಸ್ನಿ ಬರತೈತಿ ಅಂದಾಕಿ ನೀನ. ಈಗ ನಮ್ಮವ್ವನ್ನೂ ಹೊರಗ ಹಾಕೂ ವಿಚಾರ ಏನ?"

"ಹಂಗಲ್ರಿ. ಒಂದ ಮಿನಿಟ ಚಾಲೂ ಇಟ್ಟ ಆಮ್ಯಾಲ ತಗೀಲಿ ಅಂತೀನಿ."

"ಬಾಯಿ ಮುಚ್ಚು."

ಅಕ್ಕವ್ವ ಮಗನ ತಾಟಿಗೆ ಇನ್ನೊಂದು ಚಮಚೆ ಪಲ್ಯ ಹಾಕಿದಳು.

ಮುಂದಿನ ವಾರ ಜ್ಞಾನದೇವ ಮೋಟಾರ್ ಸೈಕಲ್ಲಿನ ಮೇಲೆ ಬಂದು ಪೈಪು ಬಿಚ್ಚಿ, ಒಳಗೆ ಬೆರಳಾಡಿಸಿ, ಎಣ್ಣೆಯಾದ ಬೆರಳನ್ನು ಬಾಬಾಸಾಹೇಬನ ಮುಖದ ಮುಂದೆ ಹಿಡಿದ. "ಕೂಡ್ಲೆ ಬಂದ್ ಮಾಡ್ತಿರೇನ್ರಿ ಸಾವ್ಕಾರ್ರ?"

ಬಾಗಿಲಲ್ಲಿ ಕಸ್ತೂರೆವ್ವ ನಿಂತಿದ್ದಳು. ಬಾಬಾಸಾಹೇಬ ಅವಳ ಕಡೆ ನೋಡಿದ. ಹೌದು ಎಂದರೆ ಹೆಂಡತಿ ಹೇಳಿದ್ದು ಖರೆಯಾಗುತ್ತದೆ. "ಇಲ್ಲಪಾ," ಎಂದ.

"ಹಂಗಾರ ಇದ್ಯಾಕ ಹಿಂಗಾತು? ಸೀಲ್ ಹೋಗೇತಿ. ಟರ್ಬೊ ಬಿಚ್ಚಿ ಹೊಸಾದ ಹಾಕಬೇಕು. ಅಲ್ಲೀತನಕ ಗಾಡಿ ತಗೀಬ್ಯಾಡ್ರಿ."

"ಎಷ್ಟ ಆಗತೈತಿ?"

ಜ್ಞಾನದೇವ ಹೇಳಿದ ಮೊತ್ತ ಕೇಳಿ ಬಾಬಾಸಾಹೇಬ ಮೇಸ್ತ್ರಿಗಳ ಜಾತಿಯನ್ನೇ ಬೈದ. ದೀಪಾವಳಿ ಮುಗಿಯಲಿ, ಬರುವ ಸೋಮವಾರ ಮಗಳನ್ನು ನೋಡಲು ಬರುತ್ತಾರೆ, ಅದು ಮುಗಿದ ಮೇಲೆ ನೋಡೋಣ, ಈಗ ಮೇಲಿಂದ ಆಯಿಲ್ ಹಾಕಿ ಓಡಿಸುತ್ತೇನೆ ಎಂದ. ಅಷ್ಟು ಹೇಳಿ ತೋಟದಿಂದ ಬಂದ ಆಳಿನ ಕೂಡ ಮಾತಾಡಲು ಹೊರಗೆ ಹೋದ.

ಜ್ಞಾನದೇವ ನಟ್ಟು ಬಿಚ್ಚುವ ಪಾನಾಗಳನ್ನು ಚೀಲಕ್ಕೆ ಹಾಕುತ್ತಾ ಅಲ್ಲಿದ್ದ ಅಕ್ಕವ್ವನಿಗೆ ಹೇಳಿದ. "ನೀವರ ಹೇಳ್ರಿ ಅವ್ವಾರ. ಒಂದಿನ ಈ ಎಂಜಿನ್ ತನ್ನ ಆಯಿಲ್ ತಾನ ಕುಡಿಯಾಕ ಶುರು ಮಾಡತೈತಿ. ಆವಾಗ ಚಾವಿ ತಗದ್ರೂ ನಿಂದ್ರೂದಿಲ್ಲ."

"ಚಾವಿ ತಗದ್ರೂ?"

"ಹೂಂ. ಚಾವಿ ಡೀಸೆಲ್ ಬಂದ್ ಮಾಡತೈತಿ, ಆಯಿಲ್ ಬಂದ್ ಮಾಡೂದಿಲ್ಲ. ಎಂಜಿನ್ ಒದರಿಕೋತ ಒದರಿಕೋತ ಒಡೀತೈತಿ. ಬಾನೆಟ್ ಎತ್ತಿ ಕೈ ಹಾಕಿದವರ ಕೈ ಹೋಗ್ಯಾವು."

"ಮತ್ತ ಹೆಂಗ ನಿಂದ್ರಸೂದು?"

"ಟಾಪ್ ಗೇರ ಹಾಕಿ, ಬ್ರೇಕ್ ಗಟ್ಟಿ ಒತ್ತಿ, ಕ್ಲಚ್ ಬಿಡಬೇಕು. ಉಸರ ಕಟ್ಟಿ ನಿಂದ್ರತೈತಿ. ಸಾವ್ಕಾರಗ ಹೇಳ್ರಿ."

"ಹೇಳತೀನಿ," ಎಂದಳು ಅಕ್ಕವ್ವ. ಹೇಳಲಿಲ್ಲ.

ನೋಡಲು ಬರುವವರು ನಿಪ್ಪಾಣಿಯವರು. ಹುಡುಗ ಸತ್ತೆಪ್ಪ ಹೈಸ್ಕೂಲು ಮಾಸ್ತರ. ಗೆಳತಿಯ ಮದುವೆಯಲ್ಲಿ ಸುಂದರಾ ಅವನನ್ನು ಕಂಡಿದ್ದಳು, ಎರಡು ಮಾತೂ ಆಡಿದ್ದಳು. ಅಪ್ಪ ಅವ್ವಂದಿರಿಗೆ ಹೇಳದ ಈ ವಿಷಯವನ್ನು ಭಾನುವಾರ ಅಜ್ಜಿಯ ತಲೆಗೆ ಎಣ್ಣೆ ಹಚ್ಚುತ್ತಾ ಹೇಳಿಬಿಟ್ಟಳು.

"ಆಯಿ, ಇದ ಆತಂದ್ರ ಚಲೋ ಆಗತೈತಿ."

"ಹುಡುಗ ಅಷ್ಟ ಚಲೋ ಅದಾನೇನ?"

"ಮಾತ ಸಾವಕಾಶ ಆಡತಾನ. ನಮ್ಮ ಮನ್ಯಾಗಿನವರಂಗ ಒದರೂದಿಲ್ಲ."

ಅಕ್ಕವ್ವ ನಕ್ಕು ಮೊಮ್ಮಗಳ ಗಲ್ಲ ಹಿಂಡಿದಳು. ನಿಪ್ಪಾಣಿಯವರು ಬಸ್ಸಿಗೆ ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಬಾಬಾಸಾಹೇಬ ಕೇಳಬೇಕಲ್ಲ. ಚಿಕ್ಕೋಡಿಯ ತನಕ ಬಸ್ಸಿಗೆ ಬರಲಿ, ಅಲ್ಲಿಂದ ತನ್ನ ಗಾಡಿಯಲ್ಲೇ ಕರೆತರುತ್ತೇನೆ ಎಂದು ಹಟ ಹಿಡಿದ. ಸೋಮವಾರ ಬೆಳಿಗ್ಗೆ ಅವನು ಆಯಿಲ್ ಡಬ್ಬಿ ಸುರುವುತ್ತಿದ್ದಾಗ ಅಕ್ಕವ್ವ ಪಕ್ಕದಲ್ಲೇ ಕಸ ಗುಡಿಸುತ್ತಿದ್ದಳು. ಇವತ್ತೊಂದು ದಿನ ಗಾಡಿ ಬೇಡ ಎನ್ನಲು ಅವಳಿಗೆ ಸಮಯವಿತ್ತು. ಅವಳು ಕಸವನ್ನು ಮೂಲೆಗೆ ಒಟ್ಟಿ ಒಳಗೆ ಹೋದಳು.

ಮನೆಯಲ್ಲಿ ಶಿರಾ, ಉಪ್ಪಿಟ್ಟು ತಯಾರಾಗಿದ್ದವು. ಕಸ್ತೂರೆವ್ವ ಮಗಳಿಗೆ ಇಳಕಲ್ ಸೀರೆ ಉಡಿಸಿದ್ದಳು. ಹನ್ನೊಂದರ ಸುಮಾರಿಗೆ ತಿರುವಿನಲ್ಲಿ ಸೀಟಿಯ ಸದ್ದು ಕೇಳಿತು. ಬೀಗರಾಗುವವರಿಗೆ ಗಾಡಿಯ ಕಸುವು ತೋರಿಸಬೇಕೆಂದು ಬಾಬಾಸಾಹೇಬ ಅಂಕಲಿಯಿಂದ ಈಚೆಗೆ ಕಾಲು ಎತ್ತಿರಲಿಲ್ಲ. ಅಂಗಳದ ಬಾಯಿಗೆ ಎಂದಿನಂತೆ ಅಕ್ಕವ್ವ ನಿಂತಿದ್ದಳು, ಚೆರಿಗೆ ಮತ್ತು ರೊಟ್ಟಿ ತುಂಡು ಹಿಡಿದು.

"ನಮ್ಮವ್ವ," ಎಂದು ಅವನು ಪಕ್ಕದಲ್ಲಿದ್ದ ಹುಡುಗನ ತಂದೆ ವಿರುಪಾಕ್ಷಪ್ಪನಿಗೆ ಹೆಮ್ಮೆಯಿಂದ ತೋರಿಸಿದ. "ದೃಷ್ಟಿ ತಗೀದ ಗಾಡಿ ಒಳಗ ಬಿಡೂದಿಲ್ರಿ ಆಕಿ." ಹಾಗೆಂದು ಚಾವಿ ತಿರುಗಿಸಿದ.

ಗಾಡಿ ಬಂದ್ ಆಗಲಿಲ್ಲ.

ಎಂಜಿನ್ನಿನ ಸದ್ದು ಇಳಿಯುವ ಬದಲು ಏರಿತು. ಬಾಬಾಸಾಹೇಬ ಚಾವಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಸದ್ದು ಇನ್ನೂ ಏರಿತು. ಹಿಂದಿನಿಂದ ಬಿಳಿ ನೀಲಿ ಹೊಗೆ ಬುಸುಗುಟ್ಟಿ ಬಂದು ಓಣಿ ತುಂಬಿತು, ಎದುರಿನ ಮನೆ ಕಾಣದಾಯಿತು. ಸತ್ತೆಪ್ಪ ಹಿಂದಿನ ಬಾಗಿಲು ತೆರೆದು ತಾಯಿಯನ್ನು ಎಳೆದುಕೊಂಡ. ಆಕೆಯ ಸೀರೆ ಬಾಗಿಲಿಗೆ ಸಿಕ್ಕಿ, ಆಕೆ ಓಣಿಯ ಮಣ್ಣಿನಲ್ಲಿ ಮೊಣಕಾಲೂರಿ ಬಿದ್ದಳು. ವಿರುಪಾಕ್ಷಪ್ಪ ಒಂದೇ ಚಪ್ಪಲಿಯಲ್ಲಿ ಓಡಿ ಗೋಡೆಯಾಚೆ ನಿಂತ. ಎಂಜಿನ್ನಿನ ಕೂಗು ಈಗ ಮನುಷ್ಯರ ಮಾತು ಕೇಳಿಸದಷ್ಟು ಆಗಿತ್ತು. ಸುಂದರಾ ಸೀರೆಯ ನಿರಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

ಬಾಬಾಸಾಹೇಬ ಹೊರಗೆ ಹಾರಿದ. ಖಾಲಿ ಗಾಡಿ ಚಾವಿಯಿಲ್ಲದೆ ಒದರುತ್ತಿತ್ತು. ಹುಚ್ಚನಂತೆ ಬಾನೆಟ್ ಎತ್ತಿ ಒಳಗೆ ಬಗ್ಗಿದ.

ಅಕ್ಕವ್ವನ ಕೈಯಿಂದ ಚೆರಿಗೆ ಬಿತ್ತು. ಆ ಓಣಿಯಲ್ಲಿ ಯಾರೂ ಎಂದೂ ಕೇಳದ ದೊಡ್ಡ ದನಿಯಲ್ಲಿ ಅವಳು ಕೂಗಿದಳು.

"ಕೈ ಹಾಕಬ್ಯಾಡಲೇ ಬಾಬ್ಯಾ. ಒಳಗ ಕುಂದ್ರು. ಟಾಪ್ ಗೇರ ಹಾಕು. ಬ್ರೇಕ್ ಗಟ್ಟಿ ಒತ್ತು, ಕ್ಲಚ್ ಬಿಡು."

ಅವನು ಒಳಗೆ ಕೂತ. ಗೇರು ಹಾಕಿದ, ಬ್ರೇಕ್ ಒತ್ತಿದ, ಕ್ಲಚ್ ಬಿಟ್ಟ. ಗಾಡಿ ಇಡೀ ಮೈ ಅಲುಗಿಸಿ, ಒಂದು ಮೊಳ ಮುಂದೆ ಹಾರಿ, ಒಳಗೇನೋ ಮುರಿದ ಸದ್ದಿನೊಂದಿಗೆ ನಿಂತಿತು.

ಹೊಗೆ ಮೆಲ್ಲಗೆ ಇಳಿಯಿತು. ಆಮೇಲೆ ಬಾಬಾಸಾಹೇಬ ಇಳಿದು ಬಂದು ಅವ್ವನ ಮುಂದೆ ನಿಂತ.

"ನಿನಗ ಹೆಂಗ ಗೊತ್ತು ಇದು?"

"ಮೇಸ್ತ್ರಿ ಹೇಳಿದ್ದ."

"ಯಾವಾಗ?"

"ನೀ ಆಳಿನ ಕೂಡ ಮಾತಾಡಾಕ ಹೋದಾಗ."

ಅವನು ತಾಯಿಯ ಮುಖ ನೋಡಿದ. ಕೆಳಗೆ ಬಿದ್ದ ಚೆರಿಗೆ ನೋಡಿದ. ನಾಲ್ಕಾರು ತಿಂಗಳ ರೊಟ್ಟಿ ತುಂಡುಗಳು ಅವನ ತಲೆಯಲ್ಲಿ ಒಂದೊಂದಾಗಿ ಲೆಕ್ಕಕ್ಕೆ ಬಂದಿರಬೇಕು. ಕಸ್ತೂರೆವ್ವ 'ನಾ ಹೇಳಿರಲಿಲ್ಲೇನ್ರಿ' ಎನ್ನಬಹುದಿತ್ತು. ಅನ್ನಲಿಲ್ಲ. ಬಿದ್ದಿದ್ದ ಹುಡುಗನ ತಾಯಿಯನ್ನು ಎಬ್ಬಿಸಿ, ಮೊಣಕಾಲಿಗೆ ಅರಿಶಿನ ಹಚ್ಚಲು ಒಳಗೆ ಕರೆದೊಯ್ದಳು.

ಅವರು ಮರ್ಯಾದೆಗೆ ಚಹಾ ಕುಡಿದು ಮಧ್ಯಾಹ್ನದ ಬಸ್ಸಿಗೆ ಹೋದರು. ಶಿರಾ ಹಾಗೇ ಉಳಿಯಿತು. ಎಂಟು ದಿನಕ್ಕೆ ಮಾತು ಬಂತು: ಹುಡುಗಿ ಬಗ್ಗೆ ನಮ್ಮದೇನೂ ಇಲ್ಲ, ಆದರೆ ಬಾಗಿಲಲ್ಲೇ ಅಂಥ ಶಕುನ ಆದ ಮೇಲೆ ಹುಡುಗನ ತಾಯಿಯ ಮನಸ್ಸು ಒಪ್ಪುವುದಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಬಾಬಾಸಾಹೇಬ ತಾಯಿಯ ಕೂಡ ವಾರದ ನಂತರ ಮೊದಲ ಸಲ ಮಾತಾಡಿದ.

"ಮಗಳ ಮದವಿ ಮುರದಿ. ಸಮಾಧಾನ ಆತಿಲ್ಲ?"

"ನೀ ಗಾಡಿ ತಂದಾಗ ನನ್ನ ಮಗಳ ಒಲಿ ಆರಿಸಿದಿ. ಆವಾಗ ನಾ ಕೇಳಿದ್ನೇನ ಸಮಾಧಾನ ಆತೇನಂತ?"

"ಇನ್ನೇನ ಬೇಕ ನಿನಗ?"

"ಕೊಟ್ಟಿಗಿ. ಆ ಗಾಡಿ ಹೆಣಾ ಅಲ್ಲಿಂದ ತಗಸು."

ಮುರಗೆಪ್ಪ ಕೈ ತೊಳೆದು ಎದ್ದು ಹೋದ. ಬಾಬಾಸಾಹೇಬ ತಾಟಿನಲ್ಲೇ ಕೈ ತೊಳೆದು, ಹಾಗಾದರೆ ನೀನೂ ಅಲ್ಲೇ ಒಲೆ ಹೂಡಿಕೊ ಎಂದ. ಅವಳು ಆಗಲಿ ಎಂದಳು. ಅವಳಿಗೆ ಬೇಕಾದದ್ದೂ ಅದೇ.

ಗಾಡಿಯನ್ನು ಮಿರಜದ ಗುಜರಿಯವನು ಎಳೆದುಕೊಂಡು ಹೋದ. ಮೂರನೆಯ ದಿನ ಮಲಕಾರಿ ಒಂದು ಎಮ್ಮೆ ತಂದು ಕಟ್ಟಿದ. ಪಾಲಿನ ಮೇಲೆ: ಎಮ್ಮೆ ಅವನದು, ಹೊಟ್ಟೆಗೆ ಹಾಕುವುದು ಇವಳದು, ಹಾಲು ಇವಳದು, ಕರು ಹುಟ್ಟಿದರೆ ಅರ್ಧರ್ಧ. ಅಕ್ಕವ್ವ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲಿನ ಒಲೆ ಹೂಡಿದಳು. ಮೊದಲ ವಾರದ ಡೇರಿಯ ರೊಕ್ಕವನ್ನು ಯಾರಿಗೂ ಹೇಳದೆ ರಾಯಬಾಗದ ಬಸ್ಸು ಹತ್ತಿ ಹೋಗಿ ಮಗಳ ಕೈಯಲ್ಲಿ ಇಟ್ಟು ಬಂದಳು. ಬಾಬಾಸಾಹೇಬನ ಮನೆಗೆ ಹಾಲು ಬೇಕೆಂದರೆ ಡೇರಿಯ ದರಕ್ಕೇ ಕೊಡುತ್ತಿದ್ದಳು, ಮೊದಲು ರೊಕ್ಕ ಎಣಿಸಿಕೊಂಡು. ಓಣಿಯ ಹೆಂಗಸರು ನಕ್ಕರು. ಅಕ್ಕವ್ವ ಗೆದ್ದಳು ಎಂದರು. ಗೆದ್ದಿದ್ದಳು ಕೂಡ.

ಹಾಲು ಒಯ್ಯಲು ಕಸ್ತೂರೆವ್ವ ಬರುತ್ತಿದ್ದಳು. ಒಂದು ಸಂಜೆ ಅವಳ ಬದಲು ಸುಂದರಾ ಬಂದಳು. ಆ ಸೋಮವಾರದಿಂದ ಅವಳು ಅಜ್ಜಿಯ ಕೂಡ ಮಾತಾಡಿರಲಿಲ್ಲ. ರೊಕ್ಕವನ್ನು ಕಟ್ಟೆಯ ಮೇಲಿಟ್ಟು ಪಾತ್ರೆ ಮುಂದೆ ಹಿಡಿದಳು. ಅಕ್ಕವ್ವ ಹಾಲು ಅಳೆದು ಹಾಕಿ, ಮೇಲೆ ಇನ್ನೊಂದಿಷ್ಟು ಹಾಗೇ ಹಾಕಲು ಹೋದಳು. ಸುಂದರಾ ಪಾತ್ರೆ ಹಿಂದಕ್ಕೆ ಎಳೆದುಕೊಂಡಳು.

"ಆಯಿ, ಅವತ್ತ ಗಾಡಿ ಹಂಗ ಆಗತೈತಿ ಅಂತ ನಿನಗ ಗೊತ್ತಿತ್ತಲ್ಲ?"

"ಅವತ್ತ ಆಗತೈತಿ ಅಂತ ಗೊತ್ತಿರಲಿಲ್ಲವ್ವ. ಒಂದಿನ ಆಗತೈತಿ ಅಂತ ಗೊತ್ತಿತ್ತು."

"ಅವರು ಬರೂದು ಗೊತ್ತಿತ್ತು. ನನ್ನ ಮನಸ ಏನೈತಿ ಅಂತಾನೂ ಗೊತ್ತಿತ್ತು. ನಾನ ಹೇಳಿದ್ನಿ."

"ಹೂಂ." ಅಕ್ಕವ್ವ ಕೈಯಲ್ಲಿದ್ದ ಅಳತೆಯ ಪಾವನ್ನು ಕೆಳಗಿಟ್ಟಳು. "ನಾ ಗಾಡಿ ನೋಡಿದ್ನಿ ಸುಂದರಾ. ನಿನ್ನ ನೋಡಲಿಲ್ಲ."

ಸುಂದರಾ ಪಾತ್ರೆಯ ಮೇಲೆ ಮುಚ್ಚಳ ಮುಚ್ಚಿದಳು.

"ಎಮ್ಮಿ ಮಾರೂ ಮುಂದ ಅಪ್ಪನೂ ಗಾಡೀನ ನೋಡಿದ್ದ, ಆಯಿ. ನಿನ್ನ ನೋಡಿರಲಿಲ್ಲ."

ಅಷ್ಟು ಹೇಳಿ ಅವಳು ಹೋದಳು. ಅಕ್ಕವ್ವ ಕಟ್ಟೆಯ ಮೇಲಿನ ರೊಕ್ಕ ಎತ್ತಿಕೊಳ್ಳಲಿಲ್ಲ. ಕತ್ತಲಾದ ಮೇಲೆ ಮುರಗೆಪ್ಪ ಬಂದು ಚಹಾ ಕೇಳಿದ. ಒಲೆ ಹೊತ್ತಿಸಿರಲಿಲ್ಲ.